ಅಡ್ಮಿಟ್ ಆದ ಮೊದಲ ಒಂದು ಗಂಟೆ: ಸಿಸ್ಟರ್ ಏನು ಮಾಡುತ್ತಾರೆ, ನಾವು ಏನು ಹೇಳಬೇಕು?

ಹಾಸನದ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ಮುಂದಿನ ವಾರ ಆಪರೇಷನ್. ಹಿಂದಿನ ದಿನವೇ ಬಂದು ಅಡ್ಮಿಟ್ ಆಗಿ ಅಂದಿದ್ದಾರೆ. ಅಮ್ಮನಿಗೆ 68 ವರ್ಷ. ಶುಗರ್ ಇದೆ, ಬಿಪಿ ಇದೆ, ಕಿವಿ ಸ್ವಲ್ಪ ಮಂದ. ಆಸ್ಪತ್ರೆ ಅಂದರೇನೇ ಅವರಿಗೆ ಭಯ.

ಹಿಂದೆ ಚಿಕ್ಕಪ್ಪನನ್ನು ಬೇರೊಂದು ಕಡೆ ಸೇರಿಸಿದ್ದಾಗ ಕ್ಯಾಶುವಾಲ್ಟಿಯಲ್ಲಿ ಒಬ್ಬರು, ವಾರ್ಡಿನಲ್ಲಿ ಇನ್ನೊಬ್ಬರು, ರಾತ್ರಿ ಡ್ಯೂಟಿಗೆ ಬಂದವರು ಮತ್ತೊಮ್ಮೆ, ಎಲ್ಲರೂ ಅದೇ ಪ್ರಶ್ನೆ ಕೇಳಿದರು. ಹೆಸರೇನು, ಯಾವ ಮಾತ್ರೆ ತಗೋತೀರಾ, ಅಲರ್ಜಿ ಇದೆಯಾ. ಚಿಕ್ಕಪ್ಪ ಕೊನೆಗೆ ರೇಗಿ ಉತ್ತರ ಕೊಡುವುದನ್ನೇ ನಿಲ್ಲಿಸಿದರು. ಅಷ್ಟೊಂದು ಸಲ ಯಾಕೆ ಕೇಳುತ್ತಾರೆ? ಅಮ್ಮನನ್ನು ಸೇರಿಸುವಾಗ ನಾನು ಏನು ತಯಾರಿ ಮಾಡಿಕೊಳ್ಳಬೇಕು? ಇಲ್ಲಿ ನರ್ಸ್‌ಗಳಿದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಮಲೆನಾಡ ಸಿಸ್ಟರ್

ನಾನು ಜಿಲ್ಲಾ ಆಸ್ಪತ್ರೆಯೊಂದರ ವಾರ್ಡಿನಲ್ಲಿ ನರ್ಸಿಂಗ್ ಆಫೀಸರ್. ನೀವು ಕೇಳಿದ್ದು ನನಗೆ ತುಂಬಾ ಹತ್ತಿರದ ವಿಷಯ. ಅಡ್ಮಿಷನ್ ಅಂದರೆ ಫೈಲು, ಸಹಿ, ಹಾಸಿಗೆ ನಂಬರ್ ಅಂತಲೇ ಜನ ಅಂದುಕೊಂಡಿದ್ದಾರೆ. ನಮ್ಮಲ್ಲೂ ಕೆಲವರು ಹಾಗೇ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ರೋಗಿ ವಾರ್ಡಿಗೆ ಬಂದ ಮೊದಲ ಗಂಟೆಯಲ್ಲಿ ಯಾರು ಏನು ಕೇಳಿದರು, ರೋಗಿ ಏನು ಹೇಳಿದರು ಅನ್ನುವುದರ ಮೇಲೆ ಮುಂದಿನ ನಾಲ್ಕೈದು ದಿನದ ಆರೈಕೆ ನಿಂತಿರುತ್ತದೆ. ಆವಾಗ ತಪ್ಪಿ ಬರೆದದ್ದು ಡಿಸ್ಚಾರ್ಜ್ ತನಕ ಹಾಗೇ ಮುಂದುವರಿಯುತ್ತದೆ.

ಕೆಲಸ ಶುರುವಾಗುವುದು ರೋಗಿ ಬರುವ ಮೊದಲೇ. ಕೆಳಗಿನಿಂದ ಫೋನ್ ಬಂದ ತಕ್ಷಣ ಬೆಡ್ ರೆಡಿ ಮಾಡುತ್ತೇವೆ. ಉಸಿರಾಟದ ತೊಂದರೆ ಅಂದರೆ ಆಕ್ಸಿಜನ್ ಪಾಯಿಂಟ್ ಇರುವ ಬೆಡ್ಡು, ತಲೆ ಕಡೆ ಎತ್ತರಿಸಿ. ಫಿಟ್ಸ್ ಅಂದರೆ ಪಕ್ಕದ ಕಂಬಿ ಹಾಕಿ, ಸಕ್ಷನ್ (ಬಾಯಿಯ ಜೊಲ್ಲು, ಕಫ ಎಳೆಯುವ ಮಷೀನು) ನಡೆಯುತ್ತಿದೆಯಾ ನೋಡಿ. ವಾಂತಿಭೇದಿ ಅಂದರೆ ಟಾಯ್ಲೆಟ್‌ಗೆ ಹತ್ತಿರ.

ಟ್ರಾಲಿ ಬಾಗಿಲಲ್ಲಿ ಬರುವಾಗಲೇ ಒಂದು ನೋಟ ನೋಡುತ್ತೇವೆ. ಪೂರ್ತಿ ವಾಕ್ಯ ಮಾತಾಡುತ್ತಾರಾ, ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಾರಾ? ತುಟಿ ಯಾವ ಬಣ್ಣ? ಮೈ ಬೆವರಿದೆಯಾ? ಕರೆದರೆ ಕಣ್ಣು ಬಿಡುತ್ತಾರಾ? ಇದರಲ್ಲಿ ಏನಾದರೂ ಕೆಟ್ಟದಾಗಿ ಕಂಡರೆ ಫೈಲು ಪಕ್ಕಕ್ಕೆ, ಡಾಕ್ಟರಿಗೆ ಕರೆ. ಎಲ್ಲಾ ಸರಿ ಇದ್ದರೆ ಮಾತ್ರ ಪ್ರಶ್ನೆಗಳು.

ಮೊದಲು ಹೆಸರು. 'ನೀವು ಲಕ್ಷ್ಮಮ್ಮ ಅಲ್ವಾ?' ಅಂತ ಕೇಳಬಾರದು. ಗಾಬರಿಯಲ್ಲಿರುವವರು, ಕಿವಿ ಕೇಳಿಸದವರು ಏನು ಕೇಳಿದರೂ ಹೂಂ ಅನ್ನುತ್ತಾರೆ. 'ನಿಮ್ಮ ಹೆಸರು ಹೇಳಿ' ಅಂತಲೇ ಕೇಳಬೇಕು. ಆಮೇಲೆ ಕೈಪಟ್ಟಿಯಲ್ಲಿರುವ ಹೆಸರು ಮತ್ತು ಆಸ್ಪತ್ರೆ ನಂಬರ್ ಎರಡನ್ನೂ ತಾಳೆ ನೋಡಬೇಕು. ಬೆಡ್ ನಂಬರ್ ನೋಡಿ ಗುರುತು ಹಿಡಿಯುವಂತಿಲ್ಲ, ಯಾಕಂದರೆ ಬೆಡ್ ಬದಲಾಗುತ್ತಲೇ ಇರುತ್ತದೆ. ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಇರುವುದು ನಮ್ಮ ಕಡೆ ಮಾಮೂಲು. ಹಾಗಾಗಿ ಪ್ರತಿ ಇಂಜೆಕ್ಷನ್, ಪ್ರತಿ ರಕ್ತದ ಸ್ಯಾಂಪಲ್ ಮುಂಚೆ ಮತ್ತೆ ಹೆಸರು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಕೇಳದೇ ಸೂಜಿ ಚುಚ್ಚಿದರೆ ಬೇಜಾರು ಮಾಡಿಕೊಳ್ಳಿ.

ಇನ್ನು ಅಲರ್ಜಿ. ಇದನ್ನೇ ಮೂರು ಸಲ ಕೇಳುವುದಕ್ಕೆ ಕಾರಣ ಇದೆ. 'ಔಷಧಿ ಅಲರ್ಜಿ ಇದೆಯಾ?' ಅಂದರೆ ಹೆಚ್ಚಿನವರು 'ಇಲ್ಲ' ಅನ್ನುತ್ತಾರೆ. ನಾನು ಹೀಗೆ ಕೇಳುತ್ತೇನೆ: 'ಯಾವುದಾದರೂ ಮಾತ್ರೆ, ಇಂಜೆಕ್ಷನ್ ತಗೊಂಡಾಗ ಮೈಯೆಲ್ಲಾ ಗಂದೆ ಎದ್ದಿತ್ತಾ? ಮುಖ, ತುಟಿ ಊದಿತ್ತಾ? ಉಸಿರು ಕಟ್ಟಿದ ಹಾಗೆ ಆಗಿತ್ತಾ?' ಆಗ ಪಕ್ಕದಲ್ಲಿ ನಿಂತ ಸೊಸೆ ಹೇಳುತ್ತಾರೆ: 'ಹೌದಲ್ಲಾ ಅತ್ತೆ, ಹಲ್ಲು ಕೀಳಿಸಿದಾಗ ಕೊಟ್ಟ ಮಾತ್ರೆಗೆ ನಿಮ್ಮ ಕಣ್ಣೇ ಮುಚ್ಚಿಹೋಗಿತ್ತು.' ಅದು ಪೆನಿಸಿಲಿನ್ ಜಾತಿಯ ಔಷಧಿ ಆಗಿದ್ದರೆ? ಆ ಒಂದು ಮಾತು ಜೀವ ಉಳಿಸುತ್ತದೆ. ಕೂಡಲೇ ಕೇಸ್‌ಶೀಟ್ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಕೆಲವು ಆಸ್ಪತ್ರೆಗಳಲ್ಲಿ ಕೆಂಪು ಕೈಪಟ್ಟಿಯನ್ನೇ ಕಟ್ಟುತ್ತಾರೆ.

ನಿಮ್ಮ ಚಿಕ್ಕಪ್ಪನಿಗೆ ಹೇಳಿ, ಆ ಸಿಸ್ಟರುಗಳು ಸರಿಯಾದ ಕೆಲಸವನ್ನೇ ಮಾಡಿದ್ದಾರೆ.

ಜಿಎನ್‌ಎಂ ಎರಡನೇ ವರ್ಷ

ಸಿಸ್ಟರ್, ಒಂದು ಡೌಟು. ನಮಗೆ ನರ್ಸಿಂಗ್ ಕ್ಲಾಸಿನಲ್ಲಿ ಹೇಳಿಕೊಡುವ ಕ್ರಮ ಬೇರೆ. ರೋಗಿಯನ್ನು ಬರಮಾಡಿಕೊಳ್ಳಿ, ನಿಮ್ಮ ಪರಿಚಯ ಹೇಳಿ, ವಾರ್ಡ್ ತೋರಿಸಿ, ಬಟ್ಟೆ ಬದಲಿಸಿ, ವೈಟಲ್ಸ್ (ನಾಡಿ, ಬಿಪಿ, ಉಸಿರು, ಜ್ವರ) ನೋಡಿ ಅಂತ. ವಾರ್ಡಿಗೆ ಪೋಸ್ಟಿಂಗ್ ಹೋದರೆ ಎಲ್ಲರೂ ಮೊದಲು ಕ್ಯಾನುಲಾ (ಡ್ರಿಪ್‌ಗೆ ಕೈಯ ರಕ್ತನಾಳದಲ್ಲಿ ಇಡುವ ಸಣ್ಣ ಕೊಳವೆ) ಹಾಕಿ, ರಕ್ತ ತೆಗೆದು, ಡ್ರಿಪ್ ಶುರು ಮಾಡುತ್ತಾರೆ. ಪರಿಚಯ ಹೇಳಿದರೆ 'ಅದಕ್ಕೆಲ್ಲಾ ಟೈಮ್ ಎಲ್ಲಿದೆ' ಅನ್ನುತ್ತಾರೆ. ಯಾವುದನ್ನು ಕಲಿಯಬೇಕು?

ಮಲೆನಾಡ ಸಿಸ್ಟರ್

ಎರಡನ್ನೂ ಕಲಿಯಿರಿ. 'ನಾನು ಇವತ್ತು ನಿಮ್ಮನ್ನು ನೋಡಿಕೊಳ್ಳುವ ಸಿಸ್ಟರ್, ನನ್ನ ಹೆಸರು ಇದು' ಅನ್ನುವುದಕ್ಕೆ ಐದು ಸೆಕೆಂಡ್ ಸಾಕು. ಬಿಪಿ ನೋಡುವ ಕಫ್ (ತೋಳಿಗೆ ಸುತ್ತುವ ಪಟ್ಟಿ) ಕಟ್ಟುತ್ತಾ ಹೇಳಬಹುದು. ಕಾಲಿಂಗ್ ಬೆಲ್ ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ ಅಂತ ಬೆಡ್‌ಶೀಟ್ ಸರಿಮಾಡುತ್ತಾ ಹೇಳಬಹುದು. ಹೊಸ ಜಾಗ, ಪಕ್ಕದ ಬೆಡ್ಡಿನಲ್ಲಿ ನರಳಾಟ, ಯಾರು ಡಾಕ್ಟರ್ ಯಾರು ಅಲ್ಲ ಗೊತ್ತಿಲ್ಲ. ಆ ಹೊತ್ತಿನಲ್ಲಿ ಒಂದು ಮುಖ, ಒಂದು ಹೆಸರು ಗೊತ್ತಾದರೆ ರೋಗಿಯ ಅರ್ಧ ಗಾಬರಿ ಇಳಿಯುತ್ತದೆ. ಗಾಬರಿ ಇಳಿದ ಮೇಲೆ ನೋಡಿದ ಬಿಪಿಯೇ ನಂಬುವಂಥದ್ದು. ಮೆಟ್ಟಿಲು ಹತ್ತಿ ಬಂದ ತಕ್ಷಣ ನೋಡಿ 160 ಅಂತ ಬರೆದು, ಅದಕ್ಕೊಂದು ಮಾತ್ರೆ ಕೊಡುವುದು ಬೇಡ. ಐದು ನಿಮಿಷ ಕೂರಿಸಿ ನೋಡಿ. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೂ ರೀಡಿಂಗ್ ಜಾಸ್ತಿ ಬರುತ್ತದೆ, ಇದನ್ನು ನೆನಪಿಡಿ.

ಇನ್ನೊಂದು. ಕ್ಯಾನುಲಾ ಹಾಕುವ ಮುಂಚೆ 'ಡಯಾಲಿಸಿಸ್ ಮಾಡಿಸುತ್ತಿದ್ದೀರಾ? ಎದೆಯ ಆಪರೇಷನ್ ಆಗಿದೆಯಾ?' ಅಂತ ಕೇಳಿ. ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳಗಳನ್ನು ಸೇರಿಸಿ ಮಾಡಿದ ಜೋಡಣೆ) ಮಾಡಿರುವ ಕೈಗೆ ಸೂಜಿಯೂ ಬೇಡ, ಬಿಪಿ ಕಫ್ಫೂ ಬೇಡ. ಆ ಕೈಯೇ ಅವರ ಬದುಕು. ಸ್ತನ ಕ್ಯಾನ್ಸರ್‌ಗೆ ಕಂಕುಳಿನ ಗಂಟು ತೆಗೆದಿದ್ದರೆ ಆ ಬದಿಯ ಕೈಯನ್ನೂ ಬಿಟ್ಟು ಇನ್ನೊಂದು ಕೈಗೆ ಹಾಕಿ. ಹಾಕಿದ ಮೇಲೆ ಪ್ಲಾಸ್ಟರ್ ಮೇಲೆ ತಾರೀಕು, ಸಮಯ ಬರೆಯಿರಿ. ಬರೆಯದೇ ಬಿಟ್ಟರೆ ಮೂರನೇ ದಿನ ಕೈ ಊದಿದಾಗ ಅದು ಯಾವತ್ತು ಹಾಕಿದ್ದು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಲೀಡ್ಸ್ ಕನ್ನಡತಿ

ನಾನು ದಾವಣಗೆರೆಯಲ್ಲಿ ಓದಿ ಈಗ ಇಂಗ್ಲೆಂಡಿನಲ್ಲಿ ವಾರ್ಡ್ ನರ್ಸ್. ಇಲ್ಲಿ ಅಡ್ಮಿಟ್ ಆದ ಕೂಡಲೇ ನ್ಯೂಸ್-2 ಅನ್ನುವ ಅಂಕ ಹಾಕುತ್ತೇವೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು, 2017ರಲ್ಲಿ ತಿದ್ದಿದ ಪಟ್ಟಿ ಅದು. ಉಸಿರಾಟ, ಆಕ್ಸಿಜನ್ ಮಟ್ಟ, ಹೊರಗಿನಿಂದ ಆಕ್ಸಿಜನ್ ಕೊಡುತ್ತಿದ್ದೇವಾ, ಮೇಲಿನ ಬಿಪಿ, ನಾಡಿ, ಎಚ್ಚರ, ಜ್ವರ. ಪ್ರತಿಯೊಂದಕ್ಕೂ ಅಂಕ ಇದೆ. ಒಟ್ಟು 5 ಬಂದರೆ ಬೇಗ ಡಾಕ್ಟರ್ ಬಂದು ನೋಡಬೇಕು. 7 ಅಥವಾ ಜಾಸ್ತಿ ಬಂದರೆ ತುರ್ತು ತಂಡವನ್ನೇ ಕರೆಯಬೇಕು.

ಆದರೆ ಅಂಕ ಹಾಕುವುದಕ್ಕೆ ಇಂಗ್ಲೆಂಡ್ ಬೇಕಿಲ್ಲ, ಗಡಿಯಾರ ಸಾಕು. ನಾನು ಊರಲ್ಲಿದ್ದಾಗ ಕಂಡದ್ದು ಏನಂದರೆ ಉಸಿರಾಟದ ಕಾಲಂನಲ್ಲಿ ಎಲ್ಲರಿಗೂ 18 ಅಥವಾ 20 ಅಂತ ಬರೆದಿರುತ್ತಿತ್ತು. ಯಾರೂ ಎಣಿಸುತ್ತಿರಲಿಲ್ಲ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಸರಿ. 25 ಅಥವಾ ಜಾಸ್ತಿ ಆದರೆ ನ್ಯೂಸ್-2ರಲ್ಲಿ ಅದೊಂದಕ್ಕೇ 3 ಅಂಕ. ದೇಹದ ಸ್ಥಿತಿ ಹದಗೆಡುವಾಗ ಬಿಪಿ ಇಳಿಯುವ ಮುಂಚೆಯೇ ಉಸಿರಿನ ವೇಗ ಏರುವುದು ಬಹಳ ಸಾರಿ ಕಾಣುತ್ತದೆ. ಅದನ್ನೇ ನಾವು ಅಂದಾಜಿನಲ್ಲಿ ಬರೆದರೆ ಹೇಗೆ?

ವಿದ್ಯಾರ್ಥಿನಿಗೆ ಒಂದು ಉಪಾಯ. ನಾಡಿ ಎಣಿಸಿ ಮುಗಿದ ಮೇಲೂ ಕೈ ಬಿಡಬೇಡಿ. ಮಣಿಕಟ್ಟು ಹಿಡಿದುಕೊಂಡೇ, ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಉಸಿರು ಎಣಿಸುತ್ತಿದ್ದೀರಿ ಅಂತ ಗೊತ್ತಾದರೆ ರೋಗಿ ಉಸಿರಾಡುವ ರೀತಿಯೇ ಬದಲಾಗುತ್ತದೆ.

ಬ್ರದರ್, ಕಲಬುರಗಿ ಕಡೆ

ಪ್ಲಾನ್ ಮಾಡಿ ಬರುವ ಅಡ್ಮಿಷನ್ ಬೇರೆ, ನಮ್ಮ ಕ್ಯಾಶುವಾಲ್ಟಿಗೆ ಬರುವುದು ಬೇರೆ. ಹೊಲದಿಂದ ನೇರ ಬರುತ್ತಾರೆ. ಹಾವು ಕಡಿದವರು, ಕ್ರಿಮಿನಾಶಕ ಕುಡಿದವರು. ಇವೆರಡರ ಬಗ್ಗೆ ಹೇಳಲೇಬೇಕು.

ಹಾವು ಕಡಿತಕ್ಕೆ ಬಂದವರು ಹಗ್ಗ ಬಿಗಿದು ಕಟ್ಟಿಕೊಂಡೇ ಬರುತ್ತಾರೆ. ಕಟ್ಟಬಾರದು, ಕಟ್ಟಿದ್ದರೆ ನರ್ಸ್ ಅವಸರದಲ್ಲಿ ಕತ್ತರಿಸಲೂ ಬಾರದು. ಒಮ್ಮೆಲೇ ಬಿಚ್ಚಿದರೆ ಕಟ್ಟಿದ ಜಾಗದ ಕೆಳಗೆ ನಿಂತ ವಿಷ ಮೈಗೆ ನುಗ್ಗಬಹುದು. ಡಾಕ್ಟರ್ ಪಕ್ಕದಲ್ಲಿರಬೇಕು, ಡ್ರಿಪ್ ಓಡುತ್ತಿರಬೇಕು, ಆಂಟಿವೆನಮ್ ಕೈಗೆ ಸಿಗುವಂತಿರಬೇಕು. ಆಮೇಲೆ ಬಿಚ್ಚಬೇಕು. ಊತ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಟೈಮ್ ಬರೆಯುತ್ತೇನೆ. ಒಂದು ಗಂಟೆ ಬಿಟ್ಟು ನೋಡಿದರೆ ಊತ ಗೆರೆ ದಾಟಿದೆಯಾ ಗೊತ್ತಾಗುತ್ತದೆ.

ಆಮೇಲೆ 20 ನಿಮಿಷದ ರಕ್ತ ಪರೀಕ್ಷೆ. ಇದಕ್ಕೆ ಲ್ಯಾಬ್ ಬೇಕಿಲ್ಲ. ಒಣಗಿದ, ಸ್ವಚ್ಛವಾದ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೇ 20 ನಿಮಿಷ ಬಿಡಬೇಕು. ಆಮೇಲೆ ವಾಲಿಸಿ ನೋಡಿದರೆ ರಕ್ತ ಹೆಪ್ಪುಗಟ್ಟಿರಬೇಕು. ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ರಕ್ತಕ್ಕೆ ಏರಿದೆ ಅಂತ. ಪ್ಲಾಸ್ಟಿಕ್ ಟ್ಯೂಬ್ ಆಗುವುದಿಲ್ಲ, ಸೋಪಿನಲ್ಲಿ ತೊಳೆದ ಟ್ಯೂಬೂ ಆಗುವುದಿಲ್ಲ, ಫಲಿತಾಂಶ ತಪ್ಪಾಗುತ್ತದೆ. ಇನ್ನು ಕಟ್ಟುಹಾವು. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಡಿಯುತ್ತದೆ. ಗಾಯ ಕಾಣುವುದೇ ಇಲ್ಲ, ಊತವೂ ಇರುವುದಿಲ್ಲ. ಹೊಟ್ಟೆನೋವು ಅಂತ ಬರುತ್ತಾರೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಭಾರ, ನುಂಗುವುದಕ್ಕೆ ಕಷ್ಟ ಅಂದರೆ 'ರಾತ್ರಿ ಎಲ್ಲಿ ಮಲಗಿದ್ರಿ?' ಅಂತ ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಕ್ರಿಮಿನಾಶಕದ ಕೇಸಿನಲ್ಲಿ ಮೊದಲು ನಾವು ಗ್ಲೌಸ್ ಹಾಕಿಕೊಂಡು ಬಟ್ಟೆ ಪೂರ್ತಿ ತೆಗೆಯಬೇಕು, ಸೋಪು ನೀರಿನಲ್ಲಿ ಮೈ, ಕೂದಲು ತೊಳೆಯಬೇಕು. ಬಟ್ಟೆಯಲ್ಲಿ ನೆನೆದ ಔಷಧಿ ಚರ್ಮದಿಂದ ಒಳಗೆ ಹೋಗುತ್ತಲೇ ಇರುತ್ತದೆ. ಮನೆಯವರಿಗೆ ನನ್ನ ಬೇಡಿಕೆ ಒಂದೇ, ಬಾಟಲಿ ತನ್ನಿ. ಖಾಲಿ ಇದ್ದರೂ ತನ್ನಿ, ಲೇಬಲ್ ಬೇಕು.

ಇಂಥವು ಎಂಎಲ್‌ಸಿ (ಮೆಡಿಕೋ-ಲೀಗಲ್, ಅಂದರೆ ಕಾನೂನಿಗೆ ಸಂಬಂಧಿಸಿದ) ಕೇಸು, ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಅದಕ್ಕೆ ಹೆದರಿ 'ಗೊತ್ತಿಲ್ಲದೇ ಕುಡಿದ', 'ಹೊಟ್ಟೆನೋವು' ಅಂತ ಸುಳ್ಳು ಹೇಳುವವರು ಬಹಳ. ದಯವಿಟ್ಟು ನಿಜ ಹೇಳಿ. ಚಿಕಿತ್ಸೆ ಮೊದಲು, ಪೊಲೀಸ್ ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ, ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಭಾವಿಸುತ್ತದೆ. ಶಿಕ್ಷೆ ಕೊಡುವುದಕ್ಕಲ್ಲ, ಆರೈಕೆ ಕೊಡುವುದಕ್ಕೆ ಹೇಳುತ್ತದೆ. ಇಂಥವರನ್ನು ವಾರ್ಡಿಗೆ ತಂದ ಮೇಲೆ ಕಿಟಕಿ ಪಕ್ಕದ ಬೆಡ್ ಬೇಡ, ಒಬ್ಬರೇ ಇರುವುದು ಬೇಡ. 'ಯಾಕಪ್ಪಾ ಹಿಂಗ ಮಾಡ್ಕೊಂಡಿ' ಅಂತ ಬಂದವರೆಲ್ಲ ಬೈಯುವುದನ್ನು ನಾನು ನಿಲ್ಲಿಸುತ್ತೇನೆ. ಸುಮ್ನೆ ಕೈ ಹಿಡಿದು ಪಕ್ಕ ಕೂರಿ ಅನ್ನುತ್ತೇನೆ. ಡಿಸ್ಚಾರ್ಜ್ ಆಗುವಾಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರನ್ನು ಬರೆದು ಕೊಡುತ್ತೇನೆ. ಕನ್ನಡದಲ್ಲೇ ಮಾತಾಡುತ್ತಾರೆ.

ತುಮಕೂರು ಓದುಗ

ಓದಲು ಎಲ್ಲಾ ಚೆನ್ನಾಗಿದೆ. ಆದರೆ ನಮ್ಮ ತಂದೆಯನ್ನು ಒಂದು ಆಸ್ಪತ್ರೆಯಲ್ಲಿ ಸೇರಿಸಿದಾಗ ಸಂಜೆ ಆರಕ್ಕೆ ಬೆಡ್ ಸಿಕ್ಕಿತು, ರಾತ್ರಿ ಒಂಬತ್ತೂವರೆ ತನಕ ಯಾರೂ ಹತ್ತಿರ ಬರಲಿಲ್ಲ. ಕೇಳಲು ಹೋದರೆ 'ಕಾಯಿರಿ' ಅಂತ ಗದರಿದರು. ಕೆಲಸ ಜಾಸ್ತಿ ಇರಬಹುದು, ಒಪ್ಪುತ್ತೇನೆ. ಬಂದ ರೋಗಿಯ ಮುಖವನ್ನೂ ನೋಡದೇ ಇರುವುದು ಸರಿಯಾ?

ಮಲೆನಾಡ ಸಿಸ್ಟರ್

ಸರಿಯಲ್ಲ. ಮೂರೂವರೆ ಗಂಟೆ ಹಾಗೆ ಬಿಡಬಾರದಿತ್ತು. ಕೆಲಸದ ಹೊರೆ ಅದಕ್ಕೆ ಕಾರಣ ಆಗಬಹುದು, ಸಮರ್ಥನೆ ಆಗುವುದಿಲ್ಲ.

ಹೊರೆಯ ವಿಷಯವನ್ನೂ ಹೇಳಬೇಕು. ಜನರಲ್ ವಾರ್ಡಿನಲ್ಲಿ ಆರು ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ಸರ್ಕಾರಿ ಆಸ್ಪತ್ರೆಗಳಿಗೆ ಬಹಳ ಹಿಂದೆಯೇ ಹಾಕಿದ ಲೆಕ್ಕ. ರಾತ್ರಿ ಪಾಳಿಯಲ್ಲಿ ಒಂದು ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ ಇರುವುದನ್ನು ನೀವೇ ನೋಡಿದ್ದೀರಿ. ಸಂಜೆ ಪಾಳಿ ಮುಗಿದು ರಾತ್ರಿ ಪಾಳಿ ಬರುವ ಹೊತ್ತಿಗೆ ಅಡ್ಮಿಷನ್ ಬಂದರೆ ಇನ್ನೂ ಕಷ್ಟ. ಹೋಗುವವರು 'ರಾತ್ರಿಯವರು ನೋಡುತ್ತಾರೆ' ಅಂದುಕೊಳ್ಳುತ್ತಾರೆ, ಬರುವವರು 'ಸಂಜೆಯವರು ನೋಡಿರುತ್ತಾರೆ' ಅಂದುಕೊಳ್ಳುತ್ತಾರೆ. ನಮ್ಮ ವಾರ್ಡಿನಲ್ಲಿ ಇದಕ್ಕೆ ಒಂದು ನಿಯಮ ಮಾಡಿಕೊಂಡಿದ್ದೇವೆ. ಪೂರ್ತಿ ಅಡ್ಮಿಷನ್ ಬರೆಯಲು ಆಗದಿದ್ದರೂ, ಬಂದ ಕೂಡಲೇ ವೈಟಲ್ಸ್, ಗ್ಲುಕೋಮೀಟರ್ ಶುಗರ್ ಮತ್ತು ಅಲರ್ಜಿ, ಈ ಮೂರನ್ನು ಮುಗಿಸದೇ ಯಾರೂ ಡ್ಯೂಟಿ ಒಪ್ಪಿಸುವಂತಿಲ್ಲ. ಒಪ್ಪಿಸುವಾಗಲೂ ಸ್ಟೇಷನ್‌ನಲ್ಲಿ ಕೂತು ಓದುವುದಲ್ಲ, ರೋಗಿಯ ಬೆಡ್ಡಿನ ಪಕ್ಕ ನಿಂತು ಒಪ್ಪಿಸಬೇಕು.

ಕಾಯುವಾಗ ನೀವು ಹೀಗೆ ಕೇಳಬಹುದು: 'ಸಿಸ್ಟರ್, ಹೊಸ ಅಡ್ಮಿಷನ್. ಇನ್ನೂ ಬಿಪಿ, ಆಕ್ಸಿಜನ್ ನೋಡಿಲ್ಲ. ಉಸಿರು ಜೋರಾಗಿದೆ.' 'ಯಾವಾಗ ಬರ್ತೀರಾ' ಅನ್ನುವುದಕ್ಕಿಂತ ರೋಗಿಗೆ ಏನಾಗುತ್ತಿದೆ ಅಂತ ಹೇಳಿದರೆ ಯಾವ ನರ್ಸೂ ಕೂರುವುದಿಲ್ಲ. ಎದೆನೋವು, ಉಸಿರು ಕಟ್ಟುವುದು, ಮಾತು ತೊದಲುವುದು, ಮಂಪರು ಜಾಸ್ತಿ ಆಗುವುದು, ರಕ್ತ ಹೋಗುವುದು, ಇವುಗಳಿಗೆ ಕಾಯಲೇಬೇಡಿ, ಜೋರಾಗಿ ಕೂಗಿ.

ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಪಟ್ಟಿ ಸೇರಿದೆ, ದೂರು ಕೇಳಲು ಜಿಲ್ಲಾ ಮಟ್ಟದ ವ್ಯವಸ್ಥೆಯೂ ಇದೆ. ಬರೆದು ಕೊಡಿ. ಬರೆದು ಕೊಟ್ಟ ದೂರಿನಿಂದ ಸಿಬ್ಬಂದಿ ಸಂಖ್ಯೆ ಹೆಚ್ಚಿದರೆ ನಮಗೂ ಒಳ್ಳೆಯದು.

ಅರಿವಳಿಕೆ ಡಾಕ್ಟರ್

ಹಾಸನದ ಮಗಳಿಗೆ: ಮಾತ್ರೆಗಳ ಹೆಸರು ಬರೆದುಕೊಂಡು ಬರಬೇಡಿ, ಮಾತ್ರೆಯ ಹಾಳೆಗಳನ್ನೇ ಒಂದು ಕವರಿನಲ್ಲಿ ತನ್ನಿ. 'ಬಿಳಿ ಸಣ್ಣ ಮಾತ್ರೆ' ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಅರ್ಧ ಖಾಲಿಯಾದ ಹಾಳೆ ನೋಡಿದರೆ ಅವರು ನಿಜವಾಗಿ ನುಂಗುತ್ತಿದ್ದಾರಾ ಅನ್ನುವುದೂ ತಿಳಿಯುತ್ತದೆ. ಮಂಡಿನೋವಿಗೆ ತಗೊಳ್ಳುವ ಪುಡಿ, ಕಷಾಯ, ನಾಟಿ ಔಷಧಿ, ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ತಂದ ನೋವಿನ ಮಾತ್ರೆ, ಎಲ್ಲವನ್ನೂ ತನ್ನಿ. ಯಾರೂ ಬೈಯುವುದಿಲ್ಲ.

ಮೂರು ವಿಷಯವನ್ನು ಅಡ್ಮಿಟ್ ಆಗುವ ದಿನಕ್ಕೆ ಬಿಡಬೇಡಿ, ಈ ವಾರವೇ ಫೋನ್ ಮಾಡಿ ಕೇಳಿ. ಒಂದು, ರಕ್ತ ತೆಳುವಾಗಿಸುವ ಮಾತ್ರೆ ಇದೆಯಾ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇಂಥವು. ನೀವೇ ನಿಲ್ಲಿಸಬೇಡಿ, ನೀವೇ ಮುಂದುವರಿಸಲೂ ಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿದವರಲ್ಲಿ ಸುಮ್ಮನೆ ನಿಲ್ಲಿಸಿದರೆ ಅಪಾಯ. ಎರಡು, ಶುಗರ್ ಮಾತ್ರೆಯಲ್ಲಿ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದೆಯಾ ನೋಡಿ. ಇವನ್ನು ಸಾಮಾನ್ಯವಾಗಿ ಆಪರೇಷನ್ನಿಗೆ ಕನಿಷ್ಠ 3 ದಿನ ಮುಂಚೆ ನಿಲ್ಲಿಸುತ್ತೇವೆ. ಶುಗರ್ ಸರಿ ಇದ್ದರೂ ರಕ್ತದಲ್ಲಿ ಆಮ್ಲ ಏರುವ ಅಪಾಯ ಇವುಗಳಲ್ಲಿ ಇದೆ. ಮೂರು, ಬಿಪಿ ಮಾತ್ರೆ. ಕೆಲವನ್ನು ಆಪರೇಷನ್ ದಿನ ಬೆಳಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಬೇಕು, ಕೆಲವನ್ನು ಬಿಡಬೇಕು.

ಉಪವಾಸದ ಲೆಕ್ಕ: ಇಡ್ಲಿಯಂಥ ಹಗುರ ಊಟಕ್ಕೆ 6 ಗಂಟೆ, ಎಣ್ಣೆ, ಮಾಂಸದ ಊಟಕ್ಕೆ 8 ಗಂಟೆ, ಬರೀ ನೀರಿಗೆ 2 ಗಂಟೆ. ಹಾಲು ನೀರಲ್ಲ, ಕಾಫಿಗೆ ಒಂದು ಹನಿ ಹಾಲು ಹಾಕಿದರೂ ಅದು ನೀರಿನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಆಸ್ಪತ್ರೆಯವರು ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ. ಅಮ್ಮ ಏನಾದರೂ ಬಾಯಿಗೆ ಹಾಕಿಕೊಂಡಿದ್ದರೆ ಮುಚ್ಚಿಡಬೇಡಿ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಆಪರೇಷನ್ ಒಂದು ದಿನ ಮುಂದೆ ಹೋದರೆ ಏನೂ ನಷ್ಟ ಇಲ್ಲ.

ಹಾಸನದ ಮಗಳು

ಡಾಕ್ಟರೇ, ಎಂಪಾಗ್ಲಿಫ್ಲೋಜಿನ್ ಇದೆ! ಈಗಲೇ ಹಾಳೆ ತಿರುಗಿಸಿ ನೋಡಿದೆ. ನಾಳೆ ಬೆಳಗ್ಗೆಯೇ ಫೋನ್ ಮಾಡುತ್ತೇನೆ. ತುಂಬಾ ತುಂಬಾ ಧನ್ಯವಾದ.

ಇನ್ನೊಂದು ಕೇಳಬೇಕಿತ್ತು. ಅಮ್ಮ ಮಾಂಗಲ್ಯ ತೆಗೆಯುವುದಿಲ್ಲ ಅಂತ ಈಗಲೇ ಹಠ ಮಾಡುತ್ತಿದ್ದಾರೆ. ಮೂಗುತಿ ಬೇರೆ, ಹಾಕಿ ನಲವತ್ತು ವರ್ಷ ಆಗಿದೆ, ತಿರುಪು ಕದಲುವುದೇ ಇಲ್ಲ.

ಓಟಿ ಸಿಸ್ಟರ್, ಮೈಸೂರು

ಇದು ದಿನಾ ಬರುವ ಪ್ರಶ್ನೆ. ಆಪರೇಷನ್‌ನಲ್ಲಿ ಕರೆಂಟಿನಿಂದ ರಕ್ತಸ್ರಾವ ನಿಲ್ಲಿಸುವ ಉಪಕರಣ ಬಳಸುತ್ತಾರೆ. ಮೈಮೇಲೆ ಲೋಹ ಇದ್ದರೆ ಸುಡುವ ಅಪಾಯ ಇರುತ್ತದೆ. ಉಂಗುರ, ಬಳೆ ಇದ್ದು ಕೈ ಊದಿದರೆ ರಕ್ತ ಓಡಾಟ ನಿಲ್ಲಬಹುದು. ಹಾಗಾಗಿ ತೆಗೆಯಲು ಹೇಳುವುದು.

ಹೇಳುವ ರೀತಿ ಮುಖ್ಯ. 'ತೆಗೀರಿ, ತೆಗೀರಿ' ಅಂತ ಓಟಿ (ಆಪರೇಷನ್ ಥಿಯೇಟರ್) ಬಾಗಿಲಲ್ಲಿ ನಿಂತು ಹೇಳಿದರೆ ಯಾವ ಹೆಣ್ಣಿಗೂ ಸಂಕಟವೇ. ಅಡ್ಮಿಷನ್ ದಿನವೇ ಹೇಳಬೇಕು, ಕಾರಣ ಹೇಳಬೇಕು. ನಮ್ಮಲ್ಲಿ ಎಷ್ಟೋ ಜನ ಅರಿಶಿನ ದಾರದಲ್ಲಿ ಅರಿಶಿನ ಕೊಂಬು ಕಟ್ಟಿಕೊಂಡು ಬರುತ್ತಾರೆ. ಚಿನ್ನ ಮನೆಯಲ್ಲಿರುತ್ತದೆ, ಮನಸ್ಸಿಗೂ ಸಮಾಧಾನ. ಕತ್ತಿನ ಭಾಗದ ಆಪರೇಷನ್ ಅಲ್ಲದಿದ್ದರೆ ದಾರಕ್ಕೆ ನಾವು ಅಡ್ಡಿ ಮಾಡುವುದಿಲ್ಲ. ಮೂಗುತಿಯನ್ನು ಅಕ್ಕಸಾಲಿಗರ ಹತ್ತಿರ ಮನೆಯಿಂದ ಹೊರಡುವ ಮುಂಚೆಯೇ ತೆಗೆಸಿ. ಆಸ್ಪತ್ರೆಯಲ್ಲಿ ಎಳೆದು ಗಾಯ ಮಾಡಿಕೊಳ್ಳುವುದು ಬೇಡ.

ಉಳಿದ ಒಡವೆ ಏನೇ ಇದ್ದರೂ ಸಿಸ್ಟರ್ ಕೈಗೆ ಸುಮ್ನೆ ಕೊಡಬೇಡಿ, ನಾವೂ ಸುಮ್ನೆ ಇಸಕೊಳ್ಳಬಾರದು. ಮನೆಯವರಿಗೆ ಒಪ್ಪಿಸಿ, ಏನೇನು ಅಂತ ಬರೆದು, ಕೊಟ್ಟವರು ಪಡೆದವರು ಇಬ್ಬರ ಸಹಿ. ನಾವು ಬರೆಯುವಾಗ 'ಚಿನ್ನದ ಸರ' ಅಂತ ಬರೆಯುವುದಿಲ್ಲ, 'ಹಳದಿ ಲೋಹದ ಸರ' ಅಂತ ಬರೆಯುತ್ತೇವೆ. ಚಿನ್ನವೋ ಅಲ್ಲವೋ ಹೇಳುವುದು ನಮ್ಮ ಕೆಲಸ ಅಲ್ಲವಲ್ಲ. ಹಲ್ಲಿನ ಸೆಟ್ ಇದ್ದರೆ ತಪ್ಪದೇ ಹೇಳಿ. ಉಗುರುಬಣ್ಣ ತೆಗೆದು ಬನ್ನಿ, ಬೆರಳಿಗೆ ಹಾಕುವ ಆಕ್ಸಿಜನ್ ಮೀಟರ್ ತಪ್ಪು ತೋರಿಸಬಹುದು.

ಅಜ್ಜನ ಮೊಮ್ಮಗ

ಕಿವಿ ಮಂದ ಅಂದಿದ್ದೀರಲ್ಲ. ಕಿವಿಯ ಮಷೀನು, ಕನ್ನಡಕ ಎರಡನ್ನೂ ಆಸ್ಪತ್ರೆಗೆ ತಗೊಂಡು ಹೋಗಿ. 'ಕಳೆದುಹೋಗುತ್ತೆ' ಅಂತ ಮನೆಯಲ್ಲಿ ಬಿಟ್ಟು ಹೋಗಬೇಡಿ. ನಮ್ಮ ಅಜ್ಜ ಆಸ್ಪತ್ರೆಯಲ್ಲಿ ಎರಡನೇ ರಾತ್ರಿ ಪೂರ್ತಿ ಗೊಂದಲಕ್ಕೆ ಬಿದ್ದರು. ಯಾರ ಗುರುತೂ ಇಲ್ಲ, ಡ್ರಿಪ್ ಕಿತ್ತು ಹಾಕಿದರು. ಬುದ್ಧಿ ಕೆಟ್ಟಿತು ಅಂತ ನಾವು ಅತ್ತೆವು. ರಾತ್ರಿ ಸಿಸ್ಟರ್ ಒಬ್ಬರು ಬಂದು ಕನ್ನಡಕ ಹಾಕಿಸಿದರು, ಲೈಟ್ ಹಾಕಿದರು, 'ಅಜ್ಜಾ, ಇದು ಆಸ್ಪತ್ರೆ, ಇವತ್ತು ಬುಧವಾರ, ನಿಮ್ಮ ಮೊಮ್ಮಗ ಇಲ್ಲೇ ಇದ್ದಾನೆ' ಅಂತ ಮತ್ತೆ ಮತ್ತೆ ಹೇಳಿದರು. ಡಾಕ್ಟರ್ ಸೋಡಿಯಂ, ಮೂತ್ರದ ಸೋಂಕು ಎಲ್ಲಾ ಪರೀಕ್ಷೆ ಮಾಡಿಸಿದರು. ನಾಲ್ಕು ದಿನಕ್ಕೆ ಸರಿಯಾದರು. ವಯಸ್ಸಾದವರಿಗೆ ಜಾಗ ಬದಲಾದರೆ ಹೀಗಾಗುವುದು ಸಾಮಾನ್ಯವಂತೆ. ಅವರು ಮಾಮೂಲಾಗಿ ಹೇಗಿರುತ್ತಾರೆ, ನೆನಪು ಹೇಗಿದೆ, ಯಾವ ಹೆಸರಿನಿಂದ ಕರೆದರೆ ತಿರುಗುತ್ತಾರೆ ಅನ್ನುವುದನ್ನು ಅಡ್ಮಿಷನ್ ದಿನವೇ ಸಿಸ್ಟರ್‌ಗೆ ಹೇಳಿ ಅಂತ ಅವರೇ ಹೇಳಿಕೊಟ್ಟದ್ದು.

ಮಲೆನಾಡ ಸಿಸ್ಟರ್

ಆ ಸಿಸ್ಟರ್‌ಗೆ ನನ್ನ ನಮಸ್ಕಾರ.

ವಯಸ್ಸಾದವರಲ್ಲಿ ಬಂದ ದಿನವೇ ಬೆನ್ನು, ಸೊಂಟದ ಕೆಳಗೆ, ಹಿಮ್ಮಡಿ ತಿರುಗಿಸಿ ನೋಡುತ್ತೇವೆ. ಚರ್ಮ ಕೆಂಪಾಗಿದ್ದು, ಬೆರಳಿನಿಂದ ಒತ್ತಿ ಬಿಟ್ಟರೂ ಬಣ್ಣ ಮಾಸದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ, ಮುಟ್ಟಿ ನೋಡಬೇಕು, ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ. ಬ್ರೇಡನ್ ಅಂತ ಒಂದು ಅಂಕಪಟ್ಟಿ ಇದೆ, 6ರಿಂದ 23ರವರೆಗೆ. ಅಂಕ ಕಡಿಮೆ ಆದಷ್ಟೂ ಅಪಾಯ ಜಾಸ್ತಿ. 18 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು ಮಗ್ಗುಲು ಬದಲಿಸಿ ಮಲಗಿಸುವ ವೇಳಾಪಟ್ಟಿ ಆ ದಿನವೇ ಶುರು. ಬೀಳುವ ಅಪಾಯವನ್ನೂ ಹಾಗೇ ಅಳೆಯುತ್ತೇವೆ. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವಾಗಲೇ ಬೀಳುವುದು ಜಾಸ್ತಿ. ಹೊಸ ಜಾಗ, ಒದ್ದೆ ನೆಲ, ಹವಾಯಿ ಚಪ್ಪಲಿ. ಹಿಂದೆ ಪಟ್ಟಿ ಇರುವ ಚಪ್ಪಲಿ ತನ್ನಿ.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ: ಆಧಾರ್, ರೇಷನ್ ಕಾರ್ಡ್, ಹಳೆಯ ರಿಪೋರ್ಟು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ಮೊದಲೇ ವಿಚಾರಿಸಿ. ಸಹಿ ಹಾಕುವ ಮುಂಚೆ ಓದಿಸಿಕೊಳ್ಳಿ. ಅಡ್ಮಿಷನ್ ಒಪ್ಪಿಗೆ ಬೇರೆ, ಆಪರೇಷನ್ ಒಪ್ಪಿಗೆ ಬೇರೆ. ಎರಡನೆಯದನ್ನು ಡಾಕ್ಟರ್ ವಿವರಿಸಿದ ಮೇಲೆಯೇ ಅಮ್ಮನೇ ಸಹಿ ಮಾಡಬೇಕು. ಮಗಳು ಬಂದಿದ್ದಾಳೆ ಅಂತ ಅವರನ್ನು ಬಿಟ್ಟು ನಿಮ್ಮ ಹತ್ತಿರ ಮಾತ್ರ ಮಾತಾಡಿದರೆ, 'ಅಮ್ಮನಿಗೇ ಹೇಳಿ' ಅನ್ನಿ.

ಜಿಎನ್‌ಎಂ ಎರಡನೇ ವರ್ಷ

ಕೊನೆಯದಾಗಿ ಒಂದು. ಕುಡಿಯುವ ಅಭ್ಯಾಸ ಇದೆಯಾ ಅಂತ ಕೇಳುವುದು ನನಗೆ ತುಂಬಾ ಮುಜುಗರ. ಹೆಂಡತಿ, ಅಮ್ಮ, ಮಕ್ಕಳು ಎಲ್ಲಾ ಪಕ್ಕದಲ್ಲೇ ನಿಂತಿರುತ್ತಾರೆ. ಅವರು 'ಇಲ್ಲ' ಅಂದುಬಿಡುತ್ತಾರೆ. ನಾನೂ ಇಲ್ಲ ಅಂತ ಬರೆದುಬಿಡಬೇಕಾ?

ಬ್ರದರ್, ಕಲಬುರಗಿ ಕಡೆ

ಬರೆಯಬೇಡಿ. ಒಬ್ಬರೇ ಇರುವಾಗ ಮತ್ತೆ ಕೇಳಿ. ಕಾಲು ಮುರಿದು ಬಂದವರು, ಹರ್ನಿಯಾಕ್ಕೆ ಬಂದವರು, ದಿನಾ ಕುಡಿಯುತ್ತಿದ್ದವರು ಆಸ್ಪತ್ರೆಗೆ ಬಂದು ಒಮ್ಮೆಲೇ ನಿಲ್ಲಿಸುತ್ತಾರೆ. 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ನಿದ್ದೆ ಇಲ್ಲ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನಕ್ಕೆ ಕೆಲವರು ಇಲ್ಲದ್ದನ್ನೆಲ್ಲ ಕಂಡು ಕೂಗಾಡುತ್ತಾರೆ, ಜ್ವರ ಏರುತ್ತದೆ, ಜೀವಕ್ಕೇ ಅಪಾಯ. ಮೊದಲೇ ಗೊತ್ತಿದ್ದರೆ ಡಾಕ್ಟರ್ ಮಾತ್ರೆ ಶುರು ಮಾಡುತ್ತಾರೆ, ಥಯಾಮಿನ್ (ವಿಟಮಿನ್ ಬಿ1) ಕೊಡುತ್ತಾರೆ.

ಮಲೆನಾಡ ಸಿಸ್ಟರ್

ಮನೆಯವರನ್ನು ಕಳಿಸುವುದು ಸುಲಭ. 'ಒಂದು ಸ್ವಲ್ಪ ಪರೀಕ್ಷೆ ಮಾಡಬೇಕು, ಹೊರಗಿರಿ' ಅನ್ನಿ, ಪರದೆ ಎಳೆಯಿರಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹೆಂಗಸರ ಮುಟ್ಟಿನ ದಿನ, ಬಸಿರು, ಮನೆಯಲ್ಲಿ ಹೊಡೆತ, ಇವನ್ನೂ ಆಗಲೇ ಕೇಳಬೇಕು. ಗಂಡನ ಎದುರು ಕೇಳಿದರೆ ಉತ್ತರ ಗಂಡನದ್ದಾಗಿರುತ್ತದೆ.

ಕೇಳುವಾಗ ನಿಂತುಕೊಂಡು ಕೇಳಬೇಡಿ, ಸ್ಟೂಲು ಎಳೆದುಕೊಂಡು ಕೂರಿ. 'ಕುಡೀತೀರಾ?' ಅನ್ನಬೇಡಿ, 'ಕೊನೇ ಸಲ ಯಾವಾಗ ತಗೊಂಡ್ರಿ?' ಅನ್ನಿ. ಎಷ್ಟು, ಯಾವಾಗಿಂದ ಅನ್ನುವುದು ಆಮೇಲೆ ತಾನಾಗಿ ಬರುತ್ತದೆ. ನಿಮಗೆ ಯಾಕೆ ಬೇಕು ಅಂದರೆ ಇರುವುದನ್ನೇ ಹೇಳಿ: 'ನಿಲ್ಲಿಸಿದ್ರೆ ನಡುಕ, ಫಿಟ್ಸ್ ಬರಬಹುದು. ಬರದ ಹಾಗೆ ಔಷಧಿ ಕೊಡ್ತೀವಿ.' ಅವರು ಹೇಳಿದ ಮೇಲೆ ಮುಖದಲ್ಲಿ ಏನೂ ತೋರಿಸಬೇಡಿ. ಕೊನೆಯ ಸಲ ಕುಡಿದ ದಿನ, ಸಮಯ ಎರಡನ್ನೂ ಕೇಸ್‌ಶೀಟಿನಲ್ಲಿ ಬರೆದು, ಡ್ಯೂಟಿ ಡಾಕ್ಟರಿಗೆ ಬಾಯಲ್ಲೂ ಹೇಳಿ. ಬರೀ ಬರೆದರೆ ಬೆಳಗಿನ ರೌಂಡ್ಸ್ ತನಕ ಯಾರೂ ಓದದೇ ಇರಬಹುದು.